ಬಿಪಿ, ಶುಗರ್ ರೋಗಿ ಮರುಭೇಟಿಗೆ ಬಂದಾಗ ನರ್ಸ್ ಮಾಡಬೇಕಾದ್ದು

ಡೋಸ್ ಏರಿಸಬೇಕೇ ಬೇಡವೇ ಎಂದು ವೈದ್ಯರು ತೀರ್ಮಾನಿಸುವುದು ಹೆಚ್ಚಾಗಿ ನರ್ಸ್ ಬರೆದಿಟ್ಟ ಅಂಕಿಗಳನ್ನು ನೋಡಿ. ಹಾಗಾಗಿ ಚೀಟಿ ವೈದ್ಯರ ಮೇಜಿಗೆ ಹೋಗುವ ಮೊದಲೇ ಎರಡು ವಿಷಯ ಖಚಿತವಾಗಿರಬೇಕು: ಅಳತೆ ಸರಿಯಿದೆಯೇ, ಕೊಟ್ಟ ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗುತ್ತಿದೆಯೇ.

ಬಿಪಿ ಅಳೆಯುವುದು

ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಬೀಡಿ, ಸಿಗರೇಟು ಆಗಿದೆಯೇ ಎಂದು ಕೇಳಿ. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬರಲಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಸುಮ್ಮನೆ ಕೂರಿಸಿ. ಪಾದಗಳು ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ತೋಳು ಕೆಳಗೆ ಜೋತುಬಿದ್ದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ತೋಳಿಗೆ ಕಟ್ಟುವ ಪಟ್ಟಿಯದ್ದು (ಕಫ್). ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು 80 ಶೇಕಡಾ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಕಾಣಿಸಿಕೊಳ್ಳುತ್ತದೆ. ದೊಡ್ಡ ಪಟ್ಟಿ ಕಪಾಟಿನಲ್ಲಿದ್ದರೆ ಸಾಲದು, ಮೇಜಿನ ಮೇಲಿರಬೇಕು. ಅಂಗಿಯ ತೋಳಿನ ಮೇಲೆಯೇ ಪಟ್ಟಿ ಕಟ್ಟಬೇಡಿ. ಅಳೆಯುವಾಗ ನೀವೂ ಮಾತಾಡಬೇಡಿ. ಉತ್ತರ ಕೊಡುತ್ತ ಕೂತವರ ಬಿಪಿ ಏರುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡರ ಸರಾಸರಿ ಬರೆಯಿರಿ. 138 ಬಂದದ್ದನ್ನು 140 ಎಂದು ದುಂಡು ಮಾಡಬೇಡಿ.

ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡಿ. ಯಾವುದರಲ್ಲಿ ಹೆಚ್ಚೋ ಮುಂದೆಯೂ ಅದರಲ್ಲೇ ಅಳೆಯಿರಿ.

ಮಾತ್ರೆಯ ಲೆಕ್ಕ

"ಮಾತ್ರೆ ಸರಿಯಾಗಿ ತಗೊಳ್ತಿದೀರಾ?" ಎಂದು ಕೇಳಿದರೆ "ಹೂಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಎಲ್ರಿಗೂ ಒಂದೊಂದ್ಸಲ ತಪ್ಪತ್ತೆ. ಹೋದ ವಾರ ಎಷ್ಟು ದಿನ ತಪ್ಪಿತ್ತು?" ಎಂದು ಕೇಳಿ. ಖಾಲಿಯಾದ, ಉಳಿದ ಸ್ಟ್ರಿಪ್‌ಗಳನ್ನೆಲ್ಲ ತರಲು ಹೇಳಿ, ಎಣಿಸಿ. ಬಿಟ್ಟಿದ್ದರೆ ಕಾರಣ ಹುಡುಕಿ: ಕೆಲವು ಬಿಪಿ ಮಾತ್ರೆಗಳಿಂದ ಒಣಕೆಮ್ಮು ಅಥವಾ ಪಾದದ ಊತ ಬರುತ್ತದೆ, ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಡುತ್ತದೆ. ಮೆಟ್‌ಫಾರ್ಮಿನ್ ಅನ್ನು ಊಟದ ಜೊತೆ ತೆಗೆದುಕೊಂಡರೆ ತೊಂದರೆ ಎಷ್ಟೋ ಕಡಿಮೆ. ಬೇರೆಡೆಯಿಂದ ತಂದು ನುಂಗುವ ನೋವಿನ ಮಾತ್ರೆಗಳ ಬಗ್ಗೆಯೂ ಕೇಳಿ; ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೂ ಕೆಟ್ಟದ್ದು.

ಶುಗರ್

ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು–ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ. ಚಿಕಿತ್ಸೆ ಬದಲಾಗುತ್ತಿರುವಾಗ 3 ತಿಂಗಳಿಗೊಮ್ಮೆ, ಹಿಡಿತಕ್ಕೆ ಬಂದ ಮೇಲೆ 6 ತಿಂಗಳಿಗೊಮ್ಮೆ ಸಾಕು. ರಕ್ತಹೀನತೆ ಇದ್ದರೆ ಅಥವಾ ಇತ್ತೀಚೆಗೆ ರಕ್ತ ಏರಿಸಿಕೊಂಡಿದ್ದರೆ ಈ ಅಂಕಿಯನ್ನು ನಂಬುವಂತಿಲ್ಲ. ಚೀಟಿಯ ಮೇಲೆ ಅದನ್ನು ಬರೆದುಬಿಡಿ.

ಇನ್ಸುಲಿನ್ ತೆಗೆದುಕೊಳ್ಳುವವರ ಹೊಟ್ಟೆ, ತೊಡೆಗಳನ್ನು ಪ್ರತಿ ಸಲ ಬೆರಳಿನಿಂದ ಮುಟ್ಟಿ ನೋಡಿ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಚರ್ಮದಡಿ ಗಂಟು ಕಟ್ಟುತ್ತದೆ, ಅಲ್ಲಿ ಹಾಕಿದ ಇನ್ಸುಲಿನ್ ಅನ್ನು ದೇಹ ಒಂದು ದಿನ ಹೀರಿಕೊಳ್ಳುತ್ತದೆ, ಇನ್ನೊಂದು ದಿನ ಇಲ್ಲ. ಶುಗರ್ ಕಾರಣವಿಲ್ಲದೆ ಏರಿಳಿಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಹಿಂದಿನ ಜಾಗದಿಂದ ಒಂದು ಬೆರಳಿನಗಲ ಬಿಟ್ಟು ಚುಚ್ಚಲು ಕಲಿಸಿ. ಆದರೆ ಗಂಟು ಬಿಟ್ಟು ಒಳ್ಳೆಯ ಚರ್ಮಕ್ಕೆ ಬಂದ ಕೂಡಲೇ ಅದೇ ಡೋಸ್ ಹೆಚ್ಚು ಕೆಲಸ ಮಾಡಿ ಶುಗರ್ ಕುಸಿಯಬಹುದು. ಜಾಗ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ.

ಶುಗರ್ 70ಕ್ಕಿಂತ (ಮಿ.ಗ್ರಾಂ/ಡೆ.ಲೀ.) ಕೆಳಗಿಳಿದರೆ ಏನು ಮಾಡಬೇಕೆಂದು ಹೇಳಿಕೊಡಿ: 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಿನ್ನಬೇಕು, 15 ನಿಮಿಷದ ನಂತರ ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಹೇಳಿದ ಮೇಲೆ "ಈಗ ನೀವು ನನಗೆ ಹೇಳಿ" ಎನ್ನಿ. ಮನೆಯಲ್ಲಿ ನೋಡಿಕೊಳ್ಳುವವರೂ ಕೇಳಿಸಿಕೊಳ್ಳಲಿ.

ಪಾದಗಳನ್ನು ವರ್ಷಕ್ಕೊಮ್ಮೆಯಾದರೂ, ಸ್ಪರ್ಶ ಕಡಿಮೆಯಾದವರಿಗೆ ಇನ್ನೂ ಬೇಗ ಬೇಗ ಪರೀಕ್ಷಿಸಿ. ಬೆರಳ ಸಂದುಗಳನ್ನು ಬಿಡಿಸಿ ನೋಡಿ, ನಾಡಿ ಹಿಡಿಯಿರಿ. ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ (10 ಗ್ರಾಂ ಮೊನೊಫಿಲಮೆಂಟ್) ಹೇಗಿರುತ್ತದೆಂದು ಮೊದಲು ಅವರ ಕೈಗೆ ಮುಟ್ಟಿಸಿ, ಆಮೇಲೆ ಕಣ್ಣು ಮುಚ್ಚಿಸಿ. ಎಳೆ ಬಾಗುವಷ್ಟು ಒತ್ತಿ, ಒಂದೆರಡು ಸೆಕೆಂಡ್ ಹಿಡಿದು ತೆಗೆಯಿರಿ. "ಈಗ ಗೊತ್ತಾಯ್ತಾ?" ಎಂದು ಕೇಳಿದರೆ ಊಹೆಯ ಉತ್ತರ ಬರುತ್ತದೆ, ಮುಟ್ಟಿದ್ದು ತಿಳಿದಾಗ ಅವರೇ ಹೇಳಲಿ. ದಪ್ಪಗಟ್ಟಿದ ಚರ್ಮದ ಮೇಲೆ ಪರೀಕ್ಷಿಸಬೇಡಿ.

ಕಾಯಿಸದೆ ಒಳಗೆ ಕಳಿಸಬೇಕಾದವರು

ಬಿಪಿ 180/120ಕ್ಕಿಂತ ಹೆಚ್ಚಿದ್ದು ಎದೆನೋವು, ಉಸಿರುಕಟ್ಟು, ತೀವ್ರ ತಲೆನೋವು, ಕಣ್ಣು ಮಂಜು ಅಥವಾ ಗೊಂದಲ ಇರುವವರು. ಕೈಕಾಲಿನ ಶಕ್ತಿ ಕುಂದಿದವರು, ಬಾಯಿ ಸೊಟ್ಟಗಾದವರು. ಶುಗರ್ ಬಹಳ ಏರಿ ವಾಂತಿ, ಏದುಸಿರು ಇರುವವರು. ಪಾದದಲ್ಲಿ ಹೊಸ ಹುಣ್ಣು ಅಥವಾ ಕಪ್ಪು ಬಣ್ಣ ಕಂಡವರು.

ಬಾರದವರ ಪಟ್ಟಿ

ಬಂದವರನ್ನಷ್ಟೇ ಲೆಕ್ಕ ಹಾಕಿದರೆ ಎಲ್ಲರ ಬಿಪಿಯೂ ಚೆನ್ನಾಗಿಯೇ ಕಾಣುತ್ತದೆ. ಪ್ರತಿಯೊಬ್ಬರ ಮುಂದಿನ ತಾರೀಖನ್ನು ರಿಜಿಸ್ಟರ್‌ನಲ್ಲಿ ಬರೆದು, ವಾರಕ್ಕೊಮ್ಮೆ ತಪ್ಪಿಸಿಕೊಂಡವರನ್ನು ಗುರುತಿಸಿ ಫೋನ್ ಮಾಡಿ. ಗದರಬೇಡಿ, ಗದರಿಸಿಕೊಂಡವರು ಮುಂದಿನ ಸಲವೂ ಬರುವುದಿಲ್ಲ. ಕಣ್ಣಿನ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ಪರೀಕ್ಷೆಗಳ ವಾರ್ಷಿಕ ತಾರೀಖೂ ಅದೇ ಸಾಲಿನಲ್ಲಿರಲಿ. ಮಾತ್ರೆಯ ಎಣಿಕೆಯನ್ನು ತಾರೀಖಿಗೆ ಹೊಂದಿಸಿ: 30 ದಿನದ ಮಾತ್ರೆ ಕೊಟ್ಟು 35ನೇ ದಿನಕ್ಕೆ ಬರಹೇಳಿದರೆ ಆ 5 ದಿನದ ಕೊರತೆ ನಾವೇ ಮಾಡಿದ್ದು. ನಾಲ್ಕೈದು ದಿನಕ್ಕೆ ಹೆಚ್ಚುವರಿಯಾಗಿಯೇ ಕೊಟ್ಟು ಕಳಿಸಿ.