ಅತ್ತೆ-ಮಾವನ ಜೊತೆ ಪರ್ತ್‌ಶೈರ್: ನಾನು ಸುತ್ತಿಸಿದ ಬಗೆ

ಊರಿನಿಂದ ಸ್ಕಾಟ್ಲೆಂಡಿಗೆ ಬರುವ ನೆಂಟರು ಒಂದು ಪಟ್ಟಿ ಹಿಡಿದೇ ಬರುತ್ತಾರೆ. ಎಡಿನ್‌ಬರೋ ಕೋಟೆ, ಲಾಖ್ ನೆಸ್, ಸ್ಕೈ ದ್ವೀಪ. ಬೆಳಗ್ಗೆ ಟೂರ್ ಬಸ್ ಹತ್ತಿದರೆ ಇಳಿಯೋದು ರಾತ್ರಿಗೆ. ಪಾಂಡವಪುರದಿಂದ ಅತ್ತೆ-ಮಾವ ಬಂದಾಗ ನಾನು ಆ ಪಟ್ಟಿ ಬಿಟ್ಟು ಪರ್ತ್ ಪಟ್ಟಣದ ಸುತ್ತಲಿನ ಪರ್ತ್‌ಶೈರ್ ಸೀಮೆ ಒಂದನ್ನೇ ಹಿಡಿದೆ. ಮಾವ ಚರಿತ್ರೆ ಪಾಠ ಮಾಡಿದ ಹೈಸ್ಕೂಲ್ ಮೇಷ್ಟ್ರು. ಅತ್ತೆಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ಇಬ್ಬರಿಗೂ ಹೊಂದಬೇಕಿತ್ತು.

ಮೊದಲು ಪರ್ತ್ ಪಟ್ಟಣ. ಎಡಿನ್‌ಬರೋದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿನ ಹಳೆಯ ಸಿಟಿ ಹಾಲ್ 2024ರ ಮಾರ್ಚ್‌ನಲ್ಲಿ ಪರ್ತ್ ಮ್ಯೂಸಿಯಂ ಆಗಿ ತೆರೆಯಿತು. ಒಳಗೆ ಹೋಗಲು ದುಡ್ಡಿಲ್ಲ. 'ಸ್ಟೋನ್ ಆಫ್ ಡೆಸ್ಟಿನಿ' ಇರೋದು ಇಲ್ಲೇ. ಅದನ್ನು ನೋಡೋದೂ ಪುಕ್ಕಟೆ, ಆದರೆ ಹೊತ್ತು ಗೊತ್ತುಮಾಡಿ ಮೊದಲೇ ಬುಕ್ ಮಾಡಿಕೊಂಡರೆ ಒಳ್ಳೆಯದು. ಗಾಜಿನ ಹಿಂದಿರುವ ಕಲ್ಲು ನೋಡಿ ಅತ್ತೆ, "ಇದೇನಾ? ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿದ್ದ ಹಾಗಿದೆಯಲ್ಲಮ್ಮ" ಅಂದರು. ನಿಜ, ನೋಡೋಕೆ ಹಾಗೇ ಇದೆ. 152 ಕಿಲೋ ತೂಕದ ಮರಳುಗಲ್ಲು, ಎರಡು ತುದಿಗೂ ಕಬ್ಬಿಣದ ಬಳೆ. ಸ್ಕಾಟ್ ರಾಜರಿಗೆ ಪಟ್ಟ ಕಟ್ಟುತ್ತಿದ್ದದ್ದು ಇದರ ಮೇಲೆ ಕೂರಿಸಿ. 1296ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಹೊತ್ತೊಯ್ದ. 1950ರ ಕ್ರಿಸ್‌ಮಸ್ ಹೊತ್ತಿಗೆ ನಾಲ್ವರು ಸ್ಕಾಟಿಷ್ ವಿದ್ಯಾರ್ಥಿಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ ಕದ್ದು ತಂದರು, ಆ ಗಡಿಬಿಡಿಯಲ್ಲಿ ಕಲ್ಲು ಎರಡು ಹೋಳಾಯಿತು. ಮತ್ತೆ ಲಂಡನ್‌ಗೆ ಹೋಯಿತು. ಸ್ಕಾಟ್ಲೆಂಡಿಗೆ ವಾಪಸ್ ಕೊಟ್ಟದ್ದು 1996ರಲ್ಲಿ. ಕಳ್ಳತನದ ಕಥೆ ಕೇಳಿದ ಮೇಲೆ ಅತ್ತೆ ಇನ್ನೊಂದು ಸಲ ಹೋಗಿ ನೋಡಿಬಂದರು.

ಆ ಕಲ್ಲು ಮೊದಲಿದ್ದ ಸ್ಕೂನ್, ಪರ್ತ್ ಪಟ್ಟಣದಾಚೆ ಹತ್ತಿರದಲ್ಲೇ ಇದೆ. ಅಲ್ಲಿನ ಅರಮನೆಗೆ ಟಿಕೆಟ್ ದುಬಾರಿ. ಅರಮನೆಯ ಕೋಣೆಗಳಿಗಿಂತ ನನಗೆ ತೋಟವೇ ಇಷ್ಟ. ಡಗ್ಲಸ್ ಫರ್ ಮರಕ್ಕೆ ಹೆಸರು ಕೊಟ್ಟ ಡೇವಿಡ್ ಡಗ್ಲಸ್ ಹುಟ್ಟಿದ್ದು ಸ್ಕೂನ್‌ನಲ್ಲಿ, ಕೆಲಸ ಕಲಿತದ್ದು ಇದೇ ತೋಟದಲ್ಲಿ. ಅಮೆರಿಕದಿಂದ ಅವನು ಕಳಿಸಿದ ಬೀಜದಿಂದ ಬೆಳೆದ ಮರ ಇನ್ನೂ ನಿಂತಿದೆ. ನವಿಲುಗಳೂ ಓಡಾಡಿಕೊಂಡಿವೆ. ಹೊತ್ತು ಸಾಲದಿದ್ದರೆ ಸ್ಕೂನ್ ಬಿಡಿ, ಕ್ರೀಫ್ ಬಿಡಬೇಡಿ.

ಕ್ರೀಫ್‌ಗೆ ರೈಲಿಲ್ಲ, ಪರ್ತ್‌ನಿಂದ ಬಸ್ಸಿದೆ. ನಾವು ಕಾರಿನಲ್ಲಿ ಹೋದೆವು. ಕ್ರೀಫ್‌ನಿಂದ ಕೆಲವು ಮೈಲಿ ಆಚೆ ಹೊಲಗಳ ನಡುವೆ ಇನ್ನರ್‌ಪೆಫ್ರೇ ಲೈಬ್ರರಿ. 1680ರ ಸುಮಾರಿಗೆ ಡೇವಿಡ್ ಡ್ರಮಂಡ್ ಅನ್ನುವ ಜಮೀನ್ದಾರ ಜನಸಾಮಾನ್ಯರಿಗಾಗಿ ಶುರುಮಾಡಿದ್ದು. ಸ್ಕಾಟ್ಲೆಂಡಿನಲ್ಲಿ ಮನೆಗೆ ಪುಸ್ತಕ ಕೊಡುತ್ತಿದ್ದ ಮೊದಲ ಲೈಬ್ರರಿ ಅಂತ ಹೆಸರು. ಮೊದಲು ಪಕ್ಕದ ಚಾಪೆಲ್‌ನಲ್ಲಿತ್ತು, 1762ರ ಸುಮಾರಿಗೆ ಈಗಿನ ಕಟ್ಟಡಕ್ಕೆ ಬಂತು.

ಇಲ್ಲಿ ನೋಡಬೇಕಾದದ್ದು ಪುಸ್ತಕಕ್ಕಿಂತ ಜಾಸ್ತಿ ರಿಜಿಸ್ಟರ್. 1747ರಿಂದ ಯಾರು ಯಾವ ಪುಸ್ತಕ ಒಯ್ದರು ಅನ್ನೋದೆಲ್ಲ ಬರೆದಿಟ್ಟಿದ್ದಾರೆ. ನೇಕಾರ, ಕಮ್ಮಾರ, ಗಾರೆ ಕೆಲಸದವ, ಸ್ಕೂಲ್ ಮೇಷ್ಟ್ರು, ಎಲ್ಲರೂ ಇದ್ದಾರೆ. ಕೆಲವರ ಸಹಿ ಚೆಂದ, ಕೆಲವರದು ಬರೆಯೋಕೆ ತಿಣುಕಿದ ಹಾಗೆ. ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದವರು ಏಳಲೇ ಇಲ್ಲ. "ನೋಡಮ್ಮ, ಒಬ್ಬ ನೇಕಾರ ಸಂಜೆ ಮನೇಲಿ ಕೂತು ಇದನ್ನ ಓದಿದಾನೆ" ಅಂದರು. ಕೇಳಿದರೆ ಹಳೆಯ ಪುಸ್ತಕ ತೆಗೆದು ಮುಂದಿಡುತ್ತಾರೆ, ಮುಟ್ಟಿ ನೋಡಬಹುದು. ಎಷ್ಟು ಕಡೆ ಇಂಥ ಭಾಗ್ಯ ಸಿಗುತ್ತೆ ಹೇಳಿ! ವಾರದ ಎಲ್ಲ ದಿನ ತೆರೆದಿರಲ್ಲ, ಚಳಿಗಾಲದಲ್ಲಂತೂ ಕಷ್ಟ. ದಿನ ನೋಡಿಕೊಂಡು ಹೋಗಿ.

ಕ್ರೀಫ್‌ನಿಂದ ಕಾಮ್ರಿ ಕಡೆ ಹೋಗುವಾಗ ಕಾಡಿನ ಗುಡ್ಡದ ತುದಿಯಲ್ಲಿ ಒಂದು ಕಲ್ಲಿನ ಕಂಬ ಕಾಣುತ್ತೆ. ಎತ್ತರ ಸುಮಾರು 80 ಅಡಿ. ಟೂರ್ ಬಸ್‌ಗಳು ಇಲ್ಲಿ ನಿಲ್ಲಲ್ಲ. ನಾನು ಮಾವನನ್ನು ಇಲ್ಲಿಗೆ ಕರೆತಂದದ್ದೇ ಬೇಕಂತ. ಇದು ಸರ್ ಡೇವಿಡ್ ಬೇರ್ಡ್ ಸ್ಮಾರಕ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಬ್ರಿಟಿಷ್ ಸೈನ್ಯದ ಮುಂದಾಳು ಇವನೇ. ಅದಕ್ಕೂ ಮೊದಲು, 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಮೈಸೂರು ಸೈನ್ಯಕ್ಕೆ ಸಿಕ್ಕಿಬಿದ್ದು, 1784ರವರೆಗೆ ಅದೇ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ. ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಸರಪಳಿ ಹಾಕಿ ಇಟ್ಟಿದ್ದಾರೆ ಅಂತ ಸುದ್ದಿ ಬಂದಾಗ ಇವನ ತಾಯಿ, ನನ್ನ ಮಗನ ಜೊತೆ ಸರಪಳಿಗೆ ಬಿದ್ದವನ ಗತಿ ಏನೋ ಅಂದಳಂತೆ! ಅಷ್ಟು ಮುಂಗೋಪಿ. ಕೋಟೆ ಗೆದ್ದ ಮೇಲೆ ಪಟ್ಟಣದ ಅಧಿಕಾರ ಮಾತ್ರ ಸಿಕ್ಕಿದ್ದು ಇನ್ನೊಬ್ಬ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ. ಆ ಸಿಟ್ಟು ಬೇರ್ಡ್‌ಗೆ ಇಳಿಯಲಿಲ್ಲ. ಕೊನೆಗೆ ಕ್ರೀಫ್ ಹತ್ತಿರದ ಫರ್ನ್‌ಟವರ್‌ನಲ್ಲಿ ನೆಲೆಸಿ 1829ರಲ್ಲಿ ತೀರಿಕೊಂಡ. ಹೆಂಡತಿ 1832ರಲ್ಲಿ ಈ ಕಂಬ ಕಟ್ಟಿಸಿದಳು.

ಅತ್ತೆ ಕೆಳಗೆ ಕಾರಿನಲ್ಲೇ ಕೂತರು. ಹತ್ತೋ ದಾರಿ ಕೆಸರು, ಬೇರುಗಳು. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನಿನ ಪ್ರಕಾರ ಖಾಸಗಿ ಕಾಡು-ಗುಡ್ಡಗಳಲ್ಲೂ ಯಾರು ಬೇಕಾದರೂ ನಡೆದಾಡಬಹುದು. ಬೆಳೆ ತುಳಿಯಬಾರದು, ತೆಗೆದ ಗೇಟು ಮುಚ್ಚಬೇಕು, ಮನೆಯಂಗಳಕ್ಕೆ ಹೋಗಬಾರದು ಅಷ್ಟೇ. ಮೇಲೆ ನಿಂತು ಮಾವ ಸ್ವಲ್ಪ ಹೊತ್ತು ಕಂಬ ನೋಡಿದರು. ಆಮೇಲೆ, "ಟಿಪ್ಪು ಬಿದ್ದ ಜಾಗಕ್ಕೆ ವರ್ಷಾ ವರ್ಷ ಮಕ್ಕಳನ್ನ ಕರಕೊಂಡು ಹೋಗ್ತಿದ್ದೆ. ಈ ಮನುಷ್ಯ ಎಲ್ಲಿಯವನು ಅಂತ ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದರು. ಇಳಿಯುವಾಗ ದಾರಿಯುದ್ದಕ್ಕೂ ಬೇರ್ಡ್ ಮೇಲೆ ಪಾಠ. ನಾನು ಸುಮ್ನೆ ಕೇಳಿಸಿಕೊಂಡೆ.

ಕಾಮ್ರಿಯಲ್ಲಿ ಒಂದು ಪುಟ್ಟ ಬೆರಗಿದೆ, ಭೂಕಂಪದ ಮನೆ. ಊರ ಹತ್ತಿರವೇ ನೆಲದ ಬಿರುಕು ಹಾದುಹೋಗುತ್ತೆ, ಹಾಗಾಗಿ ಹಿಂದಿನಿಂದಲೂ ಇಲ್ಲಿ ಸಣ್ಣ ಕಂಪನ ಜಾಸ್ತಿ. 1839ರಲ್ಲಿ ಜೋರಾಗಿ ನಡುಗಿದಾಗ ಊರಿನ ಪೋಸ್ಟ್‌ಮಾಸ್ಟರ್ ಮತ್ತು ಒಬ್ಬ ಚಪ್ಪಲಿ ಹೊಲಿಯುವವರು ಸೇರಿ ಲೆಕ್ಕ ಬರೆದಿಡೋಕೆ ಶುರುಮಾಡಿದರು. 1874ರಲ್ಲಿ ಹೊಲದ ದಿಬ್ಬದ ಮೇಲೆ ಒಂದು ಕೋಣೆ ಕಟ್ಟಿದರು. ನೆಲದ ಮೇಲೆ ಅಡ್ಡಡ್ಡ ಹಲಗೆ, ಅದರ ಮೇಲೆ ಬೇರೆ ಬೇರೆ ದಪ್ಪದ ಮರದ ಗೂಟಗಳು ನೆಟ್ಟಗೆ ನಿಂತಿರುತ್ತವೆ. ನೆಲ ನಡುಗಿದರೆ ಸಣ್ಣವು ಮೊದಲು ಬೀಳಬೇಕು. ಎಷ್ಟು ಬಿದ್ದವು, ಯಾವ ಕಡೆಗೆ ಬಿದ್ದವು ಅನ್ನೋದೇ ಅಳತೆ. ಒಳಗೆ ಬಿಡಲ್ಲ, ಕಿಟಕಿಯಲ್ಲಿ ಇಣುಕಬೇಕು. ಐದು ನಿಮಿಷದ ಕೆಲಸ.

ಫೋರ್ಟಿಂಗಲ್ ಊರಿನ ಚರ್ಚ್ ಅಂಗಳದ ಯೂ ಮರಕ್ಕೂ ಹೋಗಿಬಂದೆವು. ಸಾವಿರಾರು ವರ್ಷದ್ದು ಅಂತಾರೆ. ಕಾರಿಲ್ಲದಿದ್ದರೆ ಅಲ್ಲಿಗೆ ಹೋಗೋ ತಾಪತ್ರಯ ಬೇಡ.

ಹೋಗುವವರಿಗೆ ಇಷ್ಟು ಹೇಳ್ತೀನಿ. ಮೇ ತಿಂಗಳು ಒಳ್ಳೆಯದು: ಹೆಚ್ಚಿನ ಜಾಗಗಳು ತೆರೆದಿರುತ್ತವೆ, ಬೆಳಕು ರಾತ್ರಿ ಒಂಬತ್ತರವರೆಗೆ ಇರುತ್ತೆ, ಮಿಡ್ಜ್ ಅನ್ನೋ ಕಚ್ಚುವ ನುಸಿಯ ಕಾಟ ಇನ್ನೂ ಜೋರಾಗಿರಲ್ಲ. ಹಳ್ಳಿ ಕೆಫೆಗಳಲ್ಲಿ ತರಕಾರಿ ಸೂಪು-ಬ್ರೆಡ್ ಸಾಮಾನ್ಯವಾಗಿ ಸಿಗುತ್ತೆ, ಆದರೆ ಎಷ್ಟೋ ಕಡೆ ಮಧ್ಯಾಹ್ನ ಕಳೆದರೆ ಅಡುಗೆ ಮನೆ ಮುಚ್ಚಿಬಿಡುತ್ತಾರೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಭಾನುವಾರ ಬಸ್ ಕಡಿಮೆ, ಆ ದಿನ ಪರ್ತ್ ಮ್ಯೂಸಿಯಂಗೆ ಇಟ್ಟುಕೊಳ್ಳಿ. ಬೇರ್ಡ್ ಗುಡ್ಡಕ್ಕೆ ಮಾತ್ರ ಒಳ್ಳೆ ಶೂ ಬೇಕೇ ಬೇಕು.