ಓದುಗರೂ ಬರೆಯುವ ಜಾಲತಾಣ: ಕಟ್ಟುವುದು ಹೇಗೆ?

ಶಿರಸಿ ಕಡೆಯ ಹೋಮ್‌ಸ್ಟೇಗಳ, ಕರಾವಳಿಯ ಸಣ್ಣ ವಸತಿಗೃಹಗಳ ಜಾಲತಾಣಗಳನ್ನು ತೆರೆದು ನೋಡಿ. ಸರಿದಾಡುವ ಚಿತ್ರಗಳಿರುತ್ತವೆ, ಯಾಣದ ಬಂಡೆ ಇರುತ್ತದೆ, ಗೋಕರ್ಣದ ಸೂರ್ಯಾಸ್ತ ಇರುತ್ತದೆ. ಜುಲೈ ತಿಂಗಳಲ್ಲಿ ಹೊರಟವನಿಗೆ ಬೇಕಾದ ಒಂದು ಮಾತು ಮಾತ್ರ ಇರುವುದಿಲ್ಲ: ದೇವಿಮನೆ ಘಟ್ಟದಲ್ಲಿ ಈಗ ಗಾಡಿ ಓಡುತ್ತಿದೆಯೇ? ತಾಣದ ಮಾಲೀಕರಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿರುವುದು ನಸುಕಿನಲ್ಲಿ ಕುಮಟಾದಿಂದ ಘಟ್ಟ ಹತ್ತಿ ಬಂದ ಮೀನಿನ ಗಾಡಿಯವನಿಗೆ. ಅವನು ಒಂದು ಸಾಲು ಬರೆಯಲು ಅಲ್ಲಿ ಜಾಗವಿದ್ದು, ಬರೆದದ್ದು ಮುಂದಿನವನಿಗೆ ಆಗಲೇ ಕಾಣುವಂತಿದ್ದರೆ ಆ ತಾಣ ಈ ಕಾಲದ್ದು. ಇಲ್ಲದಿದ್ದರೆ ಎಷ್ಟೇ ಥಳಕು ಬಳಕು ಇದ್ದರೂ ಅದು ಮುದ್ರಿಸಿ ಹಂಚಿದ ಕರಪತ್ರವೇ.

ಈ ವಿಚಾರ ಹೊಸದೇನಲ್ಲ. 1989ರಲ್ಲಿ ಜಾಲದ ಕಲ್ಪನೆಯನ್ನು ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಮರುವರ್ಷ ಬರೆದ ಮೊದಲ ಬ್ರೌಸರ್‌ನಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲ, ತಿದ್ದುವುದಕ್ಕೂ ಅವಕಾಶವಿತ್ತು. ಆಮೇಲೆ ಜನಪ್ರಿಯವಾದ ಬ್ರೌಸರ್‌ಗಳು ಓದುವುದಕ್ಕೆ ಮಾತ್ರ ಉಳಿದವು. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಯಾರು ಬೇಕಾದರೂ ತಿದ್ದಬಹುದಾದ ಮೊದಲ ವಿಕಿಯನ್ನು ತೆರೆದರು. 2001ರ ಜನವರಿಯಲ್ಲಿ ವಿಕಿಪೀಡಿಯ ಬಂತು. 2004ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಸಮ್ಮೇಳನದಿಂದಾಗಿ, ಓದುಗರೂ ಬರೆಯುವ ಇಂಥ ಜಾಲಕ್ಕೆ ‘ವೆಬ್ 2.0’ ಎಂಬ ಹೆಸರು ಎಲ್ಲರ ಬಾಯಿಗೆ ಬಂತು. ಹೆಸರಿಗಿಂತ ಕೆಲಸ ಮುಖ್ಯ. ಹಾಗಾಗಿ ನಮ್ಮ ಘಟ್ಟದ ರಸ್ತೆಗಳಿಗೆ ಅಂಥದ್ದೊಂದು ಪುಟ ಮಾಡುವುದನ್ನೇ ಉದಾಹರಣೆಯಾಗಿ ಹಿಡಿಯೋಣ. ಊರಿನ ಯುವಕ ಸಂಘ, ಕಾಲೇಜಿನ ಕಂಪ್ಯೂಟರ್ ವಿಭಾಗ, ಹೋಮ್‌ಸ್ಟೇ ನಡೆಸುವವರು ಯಾರು ಬೇಕಾದರೂ ಮಾಡಬಹುದು.

ಮೊದಲು ಇರುವುದನ್ನು ಪರೀಕ್ಷಿಸಿ

ಈಗಾಗಲೇ ತಾಣವಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ತೆರೆದು ಎಫ್12 ಕೀಲಿ ಒತ್ತಿ, ‘ನೆಟ್‌ವರ್ಕ್’ ಎಂಬ ವಿಭಾಗಕ್ಕೆ ಹೋಗಿ. ಪುಟ ಏನೇನು ತರಿಸಿಕೊಳ್ಳುತ್ತಿದೆ ಎಂಬುದು ಅಲ್ಲಿ ಸಾಲುಸಾಲಾಗಿ ಬೀಳುತ್ತದೆ. ಈಗ ಯಾವುದಾದರೂ ಗುಂಡಿ ಒತ್ತಿ. ಪಟ್ಟಿ ಪೂರ್ತಿ ಅಳಿಸಿಹೋಗಿ ಚಿತ್ರ, ಫಾಂಟ್, ಶೀರ್ಷಿಕೆ ಎಲ್ಲವೂ ಮೊದಲಿನಿಂದ ಬಂದರೆ ಅದು ಹಳೆಯ ಪದ್ಧತಿ. ಹೋಲಿಕೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯ ತಾಣ ತೆರೆದು ನಕ್ಷೆಯನ್ನು ಕುಮಟಾದಿಂದ ಶಿರಸಿಯತ್ತ ಎಳೆಯಿರಿ. ಪುಟ ಕದಲುವುದಿಲ್ಲ, ಹೊಸದಾಗಿ ಬೇಕಾದ ಪುಟ್ಟ ಚೌಕಗಳಷ್ಟೇ ಒಂದೊಂದಾಗಿ ಇಳಿಯುತ್ತವೆ. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ‘ಅಜಾಕ್ಸ್’ ಎಂದು ಹೆಸರಿಟ್ಟಿದ್ದು ಈ ವಿಧಾನಕ್ಕೇ. ತಂತ್ರ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಸಿದ್ದಾಪುರ, ಜೋಯಿಡಾದ ಮಳೆಗಾಲದಲ್ಲಿ ಮೊಬೈಲಿನ ಒಂದೇ ಕಡ್ಡಿ ಹಿಡಿದು ಕೂತವರಿಗೆ ಇದು ಬರೀ ಸೊಗಸಿನ ಮಾತಲ್ಲ. ಇಡೀ ಪುಟ ಬರದ ಕಡೆಯೂ ನಾಲ್ಕು ಅಕ್ಷರದ ಉತ್ತರ ಬರುತ್ತದೆ.

ಇನ್ನೊಂದು ಪರೀಕ್ಷೆ ಕನ್ನಡದ್ದು. ಪುಟದ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡ ಹೋಗಿ ಚಿತ್ರವಿಚಿತ್ರ ಗುರುತುಗಳು ಬಂದರೆ ಬರಹ ಹಳೆಯ ಫಾಂಟಿನಲ್ಲಿದೆ, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿಲ್ಲ. ಅಂಥ ಪುಟ ಹುಡುಕಿದರೆ ಸಿಗುವುದಿಲ್ಲ, ಓದುಗರು ಬರೆದ ಕನ್ನಡದೊಂದಿಗೂ ಸೇರುವುದಿಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಇದನ್ನು ಮಾಡದೆ ಮುಂದೆ ಹೋಗಬೇಡಿ.

ಪುಟವನ್ನೂ ಮಾಹಿತಿಯನ್ನೂ ಬೇರೆ ಮಾಡಿ

ಹಳೆಯ ತಾಣದಲ್ಲಿ ‘ರಸ್ತೆ ತೆರೆದಿದೆ’ ಎಂಬ ಮಾತು ಪುಟದೊಳಗೇ ಅಚ್ಚಾಗಿರುತ್ತದೆ. ಅದನ್ನು ಬದಲಿಸಲು ತಾಣ ಮಾಡಿಕೊಟ್ಟವನಿಗೆ ಫೋನ್ ಮಾಡಬೇಕು. ಹೊಸ ಪದ್ಧತಿಯಲ್ಲಿ ಪುಟ ಬರೀ ಚೌಕಟ್ಟು. ಮಾಹಿತಿ ಬೇರೊಂದು ಕೋಷ್ಟಕದಲ್ಲಿ ಕೂತಿರುತ್ತದೆ. ಕೋಷ್ಟಕಕ್ಕೆ ಐದು ಅಂಕಣ ಸಾಕು: ಘಟ್ಟದ ಹೆಸರು, ಸ್ಥಿತಿ, ನೋಡಿದ ಹೊತ್ತು, ಬರೆದ ಹೊತ್ತು, ಒಂದು ಸಾಲಿನ ವಿವರ. ಡೇಟಾಬೇಸ್ ನಡೆಸುವ ತಲೆನೋವು ಬೇಡವಾದರೆ ಗೂಗಲ್ ಫಾರ್ಮ್ ಮತ್ತು ಶೀಟ್‌ನಿಂದಲೇ ಶುರು ಮಾಡಿ. ದೊಡ್ಡದಾಗಿ ಯೋಚಿಸಿ ಏನೂ ಮಾಡದೆ ಕೂರುವುದಕ್ಕಿಂತ ಅದು ಮೇಲು.

ನೋಡಿದ ಹೊತ್ತು, ಬರೆದ ಹೊತ್ತು ಎಂದು ಎರಡು ಅಂಕಣ ಏಕೆ? ಘಟ್ಟದ ತಿರುವುಗಳಲ್ಲಿ ಮೊಬೈಲ್ ಜಾಲ ಸಿಗುವುದು ಅಪರೂಪ. ಆರು ಗಂಟೆಗೆ ಬಿದ್ದ ಮರವನ್ನು ಕಂಡವನು ಎಂಟಕ್ಕೆ ಊರು ಮುಟ್ಟಿ ಬರೆಯುತ್ತಾನೆ. ಅಷ್ಟರಲ್ಲಿ ಮರ ಕಡಿದು ದಾರಿ ಬಿಡಿಸಿರಲೂಬಹುದು. ಹೊತ್ತು ಗೊತ್ತಿಲ್ಲದ ರಸ್ತೆ ಸುದ್ದಿ, ಸುದ್ದಿಯೇ ಇಲ್ಲದ್ದಕ್ಕಿಂತ ಅಪಾಯಕಾರಿ. ಆದ್ದರಿಂದ ಪ್ರತಿ ಸಾಲಿನ ಪಕ್ಕದಲ್ಲೂ ‘ನೋಡಿದ್ದು ಬೆಳಿಗ್ಗೆ 6ಕ್ಕೆ’ ಎಂದು ಎದ್ದು ಕಾಣಲಿ. ಕೆಲವು ತಾಸು ದಾಟಿದ ಸುದ್ದಿ ತಾನಾಗಿ ಬೂದು ಬಣ್ಣಕ್ಕೆ ತಿರುಗಲಿ.

ಫಾರ್ಮ್ ಚಿಕ್ಕದಿರಲಿ

ಘಟ್ಟವನ್ನು ಬರೆಯಿಸಬೇಡಿ, ಆಯ್ಕೆಯಾಗಿ ಕೊಡಿ: ಕುಮಟಾ–ಶಿರಸಿಯ ದೇವಿಮನೆ, ಅಂಕೋಲಾ–ಯಲ್ಲಾಪುರದ ಅರಬೈಲು, ಕಾರವಾರ–ಜೋಯಿಡಾದ ಅಣಶಿ, ಕುಮಟಾ–ಸಿದ್ದಾಪುರದ ದೊಡ್ಮನೆ. ಬರೆಯಲು ಬಿಟ್ಟರೆ ಒಬ್ಬರು ಶಿರಸಿ ಎನ್ನುತ್ತಾರೆ, ಇನ್ನೊಬ್ಬರು ಸಿರ್ಸಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕೋಷ್ಟಕದಲ್ಲಿ ಒಂದೇ ಊರು ಮೂರಾಗುತ್ತದೆ. ಸ್ಥಿತಿಗೂ ಅಷ್ಟೇ: ತೆರೆದಿದೆ, ಒಂದು ಬದಿ ಮಾತ್ರ, ಬಂದ್. ವಿವರದ ಜಾಗವನ್ನು ಮಾತ್ರ ಮುಕ್ತವಾಗಿಡಿ. ‘ಸಣ್ಣ ಕಾರು ಹೋಗುತ್ತದೆ, ಬಸ್ ಕಷ್ಟ’ ಎಂಬಂಥ, ಯಾವ ಆಯ್ಕೆಯಲ್ಲೂ ಹಿಡಿಸದ ಮಾತು ಬರುವುದು ಅಲ್ಲೇ.

ಹೆಸರು, ಇಮೇಲ್, ಪಾಸ್‌ವರ್ಡ್ ಎಂದು ಕೇಳಲು ಹೋದರೆ ಮೀನಿನ ಗಾಡಿಯವನು ಅಲ್ಲಿಗೇ ಕೈಬಿಡುತ್ತಾನೆ. ಫೋನ್ ಸಂಖ್ಯೆ ಬೇಕೇ ಬೇಕೆಂದಿದ್ದರೆ ತೆಗೆದುಕೊಳ್ಳಿ, ಪುಟದ ಮೇಲೆ ತೋರಿಸಬೇಡಿ. ಫೋಟೊ ಸೇರಿಸಲು ಬಿಟ್ಟರೆ ಅದರೊಳಗೆ ಅಡಗಿರುವ ಸ್ಥಳದ ಗುರುತನ್ನು ತೆಗೆದುಹಾಕುವ ಏರ್ಪಾಡೂ ಇರಲಿ. ಮನೆಯಂಗಳದಲ್ಲಿ ತೆಗೆದ ಚಿತ್ರ ಮನೆಯ ವಿಳಾಸವನ್ನೂ ಹೊತ್ತು ಬರಬಹುದು. ಗಾಡಿ ನಿಲ್ಲಿಸಿ ಬರೆಯಿರಿ ಎಂಬ ಸೂಚನೆಯನ್ನು ಗುಂಡಿಯ ಮೇಲೆಯೇ ಹಾಕಿ.

ಪ್ರತಿಯೊಂದು ಘಟ್ಟಕ್ಕೂ ಬೇರೆ ಬೇರೆ ವಿಳಾಸ ಕೊಡಿ. ಅರಬೈಲಿನ ಸ್ಥಿತಿಯನ್ನು ಯಾರಿಗಾದರೂ ಕಳಿಸಬೇಕೆಂದರೆ ನೇರ ಅದರದೇ ಕೊಂಡಿ ಹೋಗಬೇಕು.

ತಪ್ಪು ಬರೆಯುವವರನ್ನು ಏನು ಮಾಡುವುದು?

ಎಲ್ಲರೂ ಹೆದರುವುದು ಇಲ್ಲಿಗೇ. ವಿಕಿಪೀಡಿಯ ಕಂಡುಕೊಂಡ ಉಪಾಯ ಸರಳ: ತಿದ್ದುವುದು ಸುಲಭ, ತಿದ್ದಿದ್ದನ್ನು ಹಿಂದಕ್ಕೆ ಹಾಕುವುದು ಇನ್ನೂ ಸುಲಭ. ಹಳೆಯ ಸಾಲನ್ನು ಅಳಿಸುವುದಿಲ್ಲ, ಅದರ ಮೇಲೆ ಹೊಸದು ಕೂರುತ್ತದೆ, ಇತಿಹಾಸ ಎಲ್ಲರಿಗೂ ಕಾಣುತ್ತದೆ. ನಿಮ್ಮ ಕೋಷ್ಟಕವೂ ಹಾಗೇ ಇರಲಿ. ಒಬ್ಬ ಬಂದ್ ಎಂದು ಬರೆದು, ಅದರ ಬೆನ್ನಿಗೇ ಇಬ್ಬರು ತೆರೆದಿದೆ ಎಂದರೆ ಮೂರನ್ನೂ ತೋರಿಸಿ. ಓದುವವನಿಗೆ ಬುದ್ಧಿ ಇದೆ.

ಒಂದು ಅಪಾಯವನ್ನು ಮಾತ್ರ ಓದುಗರ ಬುದ್ಧಿಗೆ ಬಿಡುವಂತಿಲ್ಲ. 2005ರ ಅಕ್ಟೋಬರ್‌ನಲ್ಲಿ ಸ್ಯಾಮಿ ಕಾಮ್‌ಕರ್ ಎಂಬ ಯುವಕ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ತನ್ನ ಪರಿಚಯ ಪುಟದಲ್ಲಿ ಬರಹದ ಜೊತೆ ಒಂದು ಚಿಕ್ಕ ಪ್ರೋಗ್ರಾಂ ತೂರಿಸಿದ. ನೋಡಿದವರ ಪುಟಕ್ಕೂ ಅದು ನಕಲಾಗುತ್ತಾ ಹೋಗಿ, ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಹಬ್ಬಿತು. ಓದುಗರು ಬರೆದ ಏನನ್ನೇ ಆಗಲಿ ತೋರಿಸುವ ಮೊದಲು ಅದರಲ್ಲಿರುವ ಕೋಡ್ ಚಿಹ್ನೆಗಳನ್ನು ಸಾಮಾನ್ಯ ಅಕ್ಷರಗಳಾಗಿ ಬದಲಿಸಬೇಕು. ವರ್ಡ್‌ಪ್ರೆಸ್‌ನಂಥ ಸಿದ್ಧ ವ್ಯವಸ್ಥೆಗಳಲ್ಲಿ ಇದಕ್ಕೆ ಏರ್ಪಾಡಿದೆ. ಸ್ವಂತ ಬರೆಯುವ ಹುಡುಗರು ಇದನ್ನೇ ಮರೆಯುವುದು.

ಅಧಿಕೃತ ಆದೇಶವನ್ನು ಓದುಗರ ಸಾಲುಗಳೊಂದಿಗೆ ಬೆರೆಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಅಂಥ ದಿನಗಳಲ್ಲಿ ಜಿಲ್ಲಾಡಳಿತ ಮತ್ತು ಪೊಲೀಸರ ಸೂಚನೆ ಪುಟದ ತಲೆಯ ಮೇಲೆ, ಬೇರೆಯೇ ಬಣ್ಣದಲ್ಲಿ ಇರಬೇಕು. ‘ನಾನು ಈಗಷ್ಟೇ ದಾಟಿದೆ’ ಎಂಬ ಯಾರದೋ ಸಾಲು ಅದನ್ನು ಮುಚ್ಚಬಾರದು.

ಹೊರಗೂ ಹೋಗಲಿ

ಪುಟ ಸಿದ್ಧವಾದ ಮೇಲೆ ಮಾಹಿತಿ ಅಲ್ಲೇ ಸಿಕ್ಕಿಬೀಳದಂತೆ ನೋಡಿಕೊಳ್ಳಿ. ಹೊಸ ಸಾಲುಗಳನ್ನು ಬೇರೆ ತಾಣಗಳು ತಾವಾಗಿ ಎತ್ತಿಕೊಳ್ಳಲು ಅನುವಾಗುವ ಆರ್‌ಎಸ್‌ಎಸ್ ಫೀಡ್ ಇಟ್ಟರೆ ಹೋಮ್‌ಸ್ಟೇಯವರು ತಮ್ಮ ತಾಣದಲ್ಲೇ ಘಟ್ಟದ ಸ್ಥಿತಿಯನ್ನು ತೋರಿಸಿಕೊಳ್ಳಬಹುದು, ನಿಮ್ಮನ್ನು ಕೇಳಬೇಕಾಗಿಲ್ಲ. ನಕ್ಷೆ ಬೇಕಾದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದ್ದನ್ನು ಲೀಫ್ಲೆಟ್ ಎಂಬ ಉಚಿತ ಸಾಧನದಿಂದ ಕೂರಿಸಬಹುದು. ನಕ್ಷೆಯ ಮೂಲೆಯಲ್ಲಿ ಅವರ ಹೆಸರು ಹಾಕುವುದು ಕಡ್ಡಾಯ. ಅದೂ ಸಾವಿರಾರು ಜನ ಕೂಡಿ ಬರೆದ ನಕ್ಷೆಯೇ. ನಿಮ್ಮೂರಿನ ಕಾಲುಸಂಕ ಅದರಲ್ಲಿ ಇಲ್ಲದಿದ್ದರೆ ಖಾತೆ ತೆರೆದು ನೀವೇ ಸೇರಿಸಬಹುದು.

ಮಳೆಗಾಲ ಮುಗಿಯಿತೆಂದು ಕೋಷ್ಟಕವನ್ನು ಖಾಲಿ ಮಾಡಬೇಡಿ. ಯಾವ ತಿರುವಿನಲ್ಲಿ ಯಾವ ವಾರ ಧರೆ ಕುಸಿಯಿತು, ದಾರಿ ಎಷ್ಟು ದಿನ ಕಟ್ಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಚರಂಡಿ ಬಿಡಿಸಿ, ತಡೆಗೋಡೆ ಕಟ್ಟಿ ಎಂದು ಬೇಸಿಗೆಯಲ್ಲಿ ಇಲಾಖೆಗೆ ಮನವಿ ಬರೆಯುವಾಗ ಅದೇ ಪಟ್ಟಿಯನ್ನು ದಿನಾಂಕ ಸಮೇತ ಮುದ್ರಿಸಿ ಲಗತ್ತಿಸಿ.