ಊಟದ ಕಾಯಿಲೆಯನ್ನು ಮನೆಯವರು ಗುರುತಿಸುವುದು ಹೇಗೆ?

ತೂಕವೊಂದನ್ನೇ ನೋಡಬೇಡಿ. ದಪ್ಪಗಾಗುವ ಹೆದರಿಕೆಯಿಂದ ಊಟ ಬಿಡುವ ಅನೊರೆಕ್ಸಿಯಾದಲ್ಲಿ ಮೈ ಸೊರಗುತ್ತದೆ, ಆದರೆ ಮಿತಿಮೀರಿ ತಿಂದು ಆಮೇಲೆ ವಾಂತಿ ಮುಂತಾದ ದಾರಿಯಿಂದ ಅದನ್ನು ಕಳೆಯಲು ನೋಡುವ ಬುಲಿಮಿಯಾ ಇದ್ದವರ ತೂಕ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ನಡವಳಿಕೆ ಗಮನಿಸಿ: ಇಷ್ಟದ ನೀರುದೋಸೆ, ಕೋರಿರೊಟ್ಟಿ ಒಂದೊಂದಾಗಿ ಬಿಡುವುದು, ದಿನವೂ "ಹಾಸ್ಟೆಲಲ್ಲೇ ಉಂಡೆ" ಎನ್ನುವುದು, ಏಕಾದಶಿ ಕಳೆದರೂ ಮುಗಿಯದ ಉಪವಾಸ. (ವ್ರತದ ಹೆಸರಿನಲ್ಲಿ ಇದು ಸುಲಭವಾಗಿ ಮುಚ್ಚಿಹೋಗುತ್ತದೆ.) ಮಂಗಳೂರಿನ ಸೆಕೆಯಲ್ಲೂ ಚಳಿ ಎನ್ನುವುದು, ಮುಟ್ಟು ನಿಲ್ಲುವುದು ಕೂಡ ಲಕ್ಷಣವೇ.

ಉಂಡ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಡುವುದು, ಬೆರಳ ಗೆಣ್ಣಿನ ಮೇಲೆ ಗಾಯದ ಗುರುತು, ಊದಿದ ಕೆನ್ನೆ, ಸವೆದ ಹಲ್ಲು ಇದ್ದರೆ ಬೇಕೆಂದೇ ವಾಂತಿ ಮಾಡಿಕೊಳ್ಳುತ್ತಿರಬಹುದು. ಇದರಿಂದ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಊಟದ ಹೊತ್ತಿನಲ್ಲಿ ಇದರ ಮಾತು ತೆಗೆಯಬೇಡಿ. "ಎಷ್ಟು ಸಪೂರ ಆಗಿದ್ದಿ!" ಎನ್ನುವ ಬದಲು "ಸುಸ್ತಾದ ಹಾಗೆ ಕಾಣ್ತದೆ, ಎಂತ ಆಯ್ತು?" ಅನ್ನಿ. ಬಹಳ ದಿನ ಉಣ್ಣದವರಿಗೆ ಪ್ರೀತಿಯಿಂದಲೂ ಒಮ್ಮೆಲೇ ತುಂಬ ಉಣ್ಣಿಸಬಾರದು. ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ. ಎಷ್ಟು, ಹೇಗೆ ಏರಿಸಬೇಕೆಂದು ವೈದ್ಯರೇ ಹೇಳಲಿ. ಮೊದಲ ಸಲಹೆಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.